ಮೊಳೆಬಾಯಿ ಭಾವನ ಹಲ್ಲು

ನನ್ನ ಭಾವ, ಅಂದರೆ ಅಕ್ಕನ ಗಂಡ, ಕುರ್ಚಿ ಸೋಫಾಗಳಿಗೆ ಕುಶನ್ ಕಟ್ಟುವ ಕೆಲಸದವರು. ಬೀದಿಯವರು ಅವರನ್ನು ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರೂ ತಿರುಗಿ ನೋಡುತ್ತಿದ್ದರು. ಹೆಸರು ಬಂದದ್ದು ಕೆಲಸದಿಂದ, ಅದರಲ್ಲಿ ಕೋಪ ಮಾಡಿಕೊಳ್ಳುವುದು ಏನಿದೆ ಎಂಬುದು ಅವರ ಲೆಕ್ಕ. ನನ್ನನ್ನು ಯಾರಾದರೂ ಹಾಗೆ ಕರೆದಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ.

ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಂದು ಹಿಡಿ ಸಣ್ಣ ಮೊಳೆಯನ್ನು ಬಾಯಿಗೆ ಹಾಕಿಕೊಳ್ಳುವರು. ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ, ತಲೆ ಹೊರಗೆ ಬರುವಂತೆ ಮುಂದಿನ ಎರಡು ಹಲ್ಲುಗಳ ನಡುವೆ ತಂದು ನಿಲ್ಲಿಸುವರು. ಸುತ್ತಿಗೆಯ ಒಂದು ಮುಖದಲ್ಲಿ ಅಯಸ್ಕಾಂತ. ಅದನ್ನು ತುಟಿಯ ಹತ್ತಿರ ತಂದರೆ ಮೊಳೆ ಟಕ್ ಎಂದು ಅಂಟಿಕೊಳ್ಳುತ್ತಿತ್ತು. ಒಂದು ಏಟಿಗೆ ರೆಕ್ಸಿನ್ ಮೇಲೆ ನಿಲ್ಲಿಸಿ, ಸುತ್ತಿಗೆ ತಿರುಗಿಸಿ ಇನ್ನೊಂದು ಏಟಿಗೆ ಮರದೊಳಕ್ಕೆ. ಎಡಗೈ ಪೂರ್ತಿ ಬಟ್ಟೆ ಎಳೆದು ಹಿಡಿಯುವುದಕ್ಕೆ ಮೀಸಲು. ಬೇರೆ ಅಂಗಡಿಗಳಿಗೆಲ್ಲ ಪಿನ್ ಹೊಡೆಯುವ ಗನ್ನು ಬಂದು ಎಷ್ಟೋ ವರ್ಷವಾದ ಮೇಲೂ ಅವರು ಮೊಳೆಯನ್ನು ಬಿಡಲಿಲ್ಲ. ಗನ್ನಿನಲ್ಲಿ ಹೊಡೆದ ಕುಶನ್ ಎರಡು ವರ್ಷಕ್ಕೆ ಸಡಿಲವಾಗುತ್ತದೆ, ಮೊಳೆಯದು ಮನೆಯವರಿಗೆ ಬೇಜಾರಾಗುವವರೆಗೂ ಇರುತ್ತದೆ ಎನ್ನುತ್ತಿದ್ದರು.

ಬಾಯಲ್ಲಿ ಮೊಳೆ ಇದ್ದವರು ಮಾತಾಡುವುದು ಹೇಗೆ? ಗಿರಾಕಿ ಬಂದು ಗಲಾಟೆ ಮಾಡಿದರೂ ಹೂಂ, ಊಹೂಂ, ಅಷ್ಟೇ. ಬೈಯುವ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ನನಗೂ ಅದು ಚೆನ್ನಾಗಿಯೇ ಬರುತ್ತಿತ್ತು. ಮನೆಯಲ್ಲಿ ಅಕ್ಕ ಜಗಳ ತೆಗೆದರೆ ಭಾವ ಸುಮ್ಮನೆ ಜೇಬಿನಿಂದ ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. "ನೋಡು ತಮ್ಮಾ, ನೋಡು, ಬೀಗ ಹಾಕ್ಕೊಂಡ್ರು ನಿಮ್ಮ ಭಾವ" ಎಂದು ಅಕ್ಕ ಬೈಯುತ್ತಾ ಬೈಯುತ್ತಾ ನಕ್ಕುಬಿಡುತ್ತಿದ್ದಳು.

ನಾನು ಅವರ ಹತ್ತಿರ ಕೆಲಸಕ್ಕೆ ಸೇರಿದಾಗ ಹದಿನಾರು ವರ್ಷ. ಶಾಲೆ ಅಷ್ಟು ಹೊತ್ತಿಗಾಗಲೇ ನನ್ನನ್ನು ಬಿಟ್ಟಿತ್ತು. ಮೊದಲ ವಾರವೇ ಅವರಂತೆ ಬಾಯಿಗೆ ಮೊಳೆ ಹಾಕಿಕೊಳ್ಳಲು ಹೋಗಿ ಒಂದನ್ನು ನುಂಗಿಬಿಟ್ಟೆ. ಜೀವ ಬಾಯಿಗೆ ಬಂತು. ಭಾವ ತಮ್ಮ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆದರಬೇಡ ಬಾಮೈದ, ನಾಳೆ ಬೆಳಿಗ್ಗೆ ವಾಪಸ್ ಕೊಡು" ಎಂದರು. ಅವತ್ತಿನಿಂದ ಕೆಲಸ ಹಂಚಿಕೆಯಾಯಿತು. ಹೊಡೆಯುವುದು ಅವರದು, ಕೀಳುವುದು ನನ್ನದು. ಹಳೆಯ ಸೋಫಾ ಬಂದರೆ ಅದರ ಮೊಳೆಗಳನ್ನೆಲ್ಲ ಕಿತ್ತು, ಬಟ್ಟೆ ಬಿಚ್ಚಿ, ಮರವನ್ನು ಬರಿದು ಮಾಡಿ ಅವರ ಮುಂದೆ ಇಡಬೇಕು. ಇಪ್ಪತ್ತೆಂಟು ವರ್ಷ ಕಿತ್ತಿದ್ದೇನೆ. ತುದಿ ಸಣ್ಣಗಿರುವ ಒಂದು ಇಕ್ಕಳ ನನ್ನದು. ಮರಕ್ಕೆ ಗೀರು ಬೀಳದಂತೆ ನನ್ನಷ್ಟು ಚೆನ್ನಾಗಿ ಮೊಳೆ ಕೀಳುವವನು ಆ ಬೀದಿಯಲ್ಲೇ ಇಲ್ಲ. ಈ ಮಾತು ಜಂಬಕ್ಕೆ ಹೇಳುತ್ತಿಲ್ಲ. ಇದರಿಂದಲೇ ಆಗಬಾರದ್ದು ಆಯಿತು.

ಭಾವನಿಗೆ ಐವತ್ತಾರು ನಡೆಯುತ್ತಿದ್ದಾಗ ಬಲಗಡೆ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ, ಏನಿಲ್ಲ. ಮೂರು ತಿಂಗಳು ಅದನ್ನು ಸವರಿಕೊಂಡೇ ಕೆಲಸ ಮಾಡಿದರು. ಅಕ್ಕ ಹಟ ಹಿಡಿದು ಕರೆದುಕೊಂಡು ಹೋದಾಗ ದೊಡ್ಡಾಸ್ಪತ್ರೆಯಲ್ಲಿ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಎಂದರು. ಬೀದಿಯವರು ಒಂದೇ ಸಮನೆ ಮೊಳೆಯ ತುಕ್ಕು ಮೊಳೆಯ ತುಕ್ಕು ಎಂದು ಹೇಳಿದ್ದೇ ಹೇಳಿದ್ದು. ಡಾಕ್ಟರು ಮೊಳೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದ ಮೇಲೂ ಅವರ ಬಾಯಿ ಮುಚ್ಚಲಿಲ್ಲ. ನಾನು ಇಬ್ಬರ ಕಾಲರ್ ಹಿಡಿಯಬೇಕಾಯಿತು.

ಮೂವತ್ತಮೂರು ದಿನ ಕರೆಂಟ್ ಕೊಡಬೇಕು ಎಂದರು. ನಮ್ಮಲ್ಲಿ ಹಾಗೆಯೇ ಹೇಳುವುದು, ಅದು ಕರೆಂಟ್ ಅಲ್ಲ, ಕಣ್ಣಿಗೆ ಕಾಣದ ಕಿರಣ. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರಬೇಕಂತೆ. ರೋಗ ನಾಲಿಗೆಯಲ್ಲಿ, ಹಲ್ಲಿನ ಡಾಕ್ಟರು ಯಾಕೆ ಎಂದು ನನಗೆ ತಲೆ ಕೆಟ್ಟಿತು. ಟೋಕನ್ ಕೊಡುವ ಕಿಟಕಿಯಲ್ಲಿ ಕೂತವನು ನಮ್ಮ ನಂಬರನ್ನು ಎರಡು ಸಲ ಹಿಂದಕ್ಕೆ ಹಾಕಿದ. ನಾನು ಕಿಟಕಿಗೆ ಗುದ್ದಿದೆ. ಕಾವಲಿನವರು ಬಂದು ನನ್ನನ್ನು ಹೊರಗಿನ ಗೇಟಿನ ತನಕ ತಳ್ಳಿಕೊಂಡು ಹೋದರು. ಅಕ್ಕ ಔಷಧಿಯ ಸಾಲಿನಲ್ಲಿ ನಿಂತಿದ್ದಳು. ಹಾಗಾಗಿ ಹಲ್ಲಿನ ಡಾಕ್ಟರ ಕೋಣೆಗೆ ಭಾವ ಒಬ್ಬರೇ ಹೋದರು. ಆ ಒಂದು ಗಂಟೆ ಸುಮ್ಮನೆ ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಒಳಗೆ ಆದದ್ದನ್ನು ಭಾವ ಆಮೇಲೆ ತುಣುಕು ತುಣುಕಾಗಿ ಹೇಳಿದರು. ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು, ಮಾತು ಖಡಕ್ಕು. ಬಾಯಿ ತೆಗೆಸಿ, ಮುಂದಿನ ಹಲ್ಲುಗಳ ಅಂಚಿನಲ್ಲಿದ್ದ ಸಣ್ಣ ಕಚ್ಚುಗಳನ್ನು ನೋಡಿ ಇದೇನು ಎಂದು ಕೇಳಿದರಂತೆ. ಮೊಳೆ ಹಿಡಿದು ಹಿಡಿದು ಬಿದ್ದ ಕಚ್ಚು ಎಂದು ಇವರು ಹೆಮ್ಮೆಯಿಂದ ಹೇಳಿದರಂತೆ. ಹಿಂದಿನ ನಾಲ್ಕು ಹುಳುಕು ಹಲ್ಲುಗಳನ್ನು ಆಕೆ ಆಗಲೇ ಕಿತ್ತು, ಗಾಯ ಮಾಯಲು ಎರಡು ವಾರ ಬಿಟ್ಟರು. ಉಳಿದ ಹಲ್ಲುಗಳಿಗೆ ಅಚ್ಚು ತೆಗೆದು, ಹಲ್ಲಿನ ಸಾಲಿಗೆ ಸರಿಯಾಗಿ ಕೂರುವ ಎರಡು ಪ್ಲಾಸ್ಟಿಕ್ ತೊಟ್ಟಿಗಳನ್ನು ಮಾಡಿಕೊಟ್ಟರು. ದಿನಾ ಅದರಲ್ಲಿ ಮುಲಾಮು ತುಂಬಿ ಹಲ್ಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂರಬೇಕು, ಬದುಕಿರುವ ತನಕ. ಒಂದು ಚೀಟಿಯನ್ನೂ ಕೊಟ್ಟರು. "ಏನಂದ್ರು ಭಾವ?" ಎಂದು ನಾನು ಗೇಟಿನ ಹತ್ತಿರ ಕೇಳಿದ್ದಕ್ಕೆ, "ಹಲ್ಲು ಜೋಪಾನ ಅಂದ್ರು" ಎಂದರು. ಅಷ್ಟೇ. ಚೀಟಿಯನ್ನು ಅಂಗಡಿಯ ಗೋಡೆಯ ಮೊಳೆಗೆ ಸಿಕ್ಕಿಸಿದೆವು. ಮೇಲಿನ ಎರಡು ಸಾಲು ನಾನು ಓದಿದೆ. ಬಾಯಿ ಚೊಕ್ಕಟವಾಗಿಟ್ಟುಕೊಳ್ಳಿ, ಮೇಲಿಂದ ಮೇಲೆ ನೀರು ಕುಡಿಯಿರಿ ಎಂದಿತ್ತು. ಇದನ್ನು ಹೇಳುವುದಕ್ಕೆ ಚೀಟಿ ಬೇಕೆ ಎಂದುಕೊಂಡೆ. ಕೆಳಗಿನದನ್ನು ಓದಲಿಲ್ಲ.

ಕರೆಂಟ್ ಕೊಡುವಾಗ ತಲೆ ಅಲ್ಲಾಡಬಾರದೆಂದು ಮುಖಕ್ಕೆ ಒಂದು ಬಲೆಯ ಮುಸುಕು ಮಾಡಿದರು. ಬಿಳಿ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಎಳೆದು, ಹಲಗೆಗೆ ಬಿಗಿದರಂತೆ. ಭಾವ ಮನೆಗೆ ಬಂದು ರೋಗದ ಮಾತೇ ಆಡಲಿಲ್ಲ. "ಗದ್ದದ ಹತ್ರ ಒಂದು ಮಡಿಕೆ ಬೀಳಲಿಲ್ಲ ಕಣೋ. ಮೂಲೆ ಎಳೆಯೋದು ಅಂದ್ರೆ ಹಾಗೆ ಎಳೀಬೇಕು" ಎಂದು ಆ ಕೆಲಸಗಾರನ ಕೈಯನ್ನು ಹೊಗಳಿದ್ದೇ ಹೊಗಳಿದ್ದು. ಮೂರನೇ ವಾರಕ್ಕೆ ಆ ಹೊಗಳಿಕೆ ನಿಂತಿತು. ಬಾಯೊಳಗೆಲ್ಲ ಹುಣ್ಣು. ಕುತ್ತಿಗೆಯ ಚರ್ಮ ಸುಟ್ಟ ರೆಕ್ಸಿನ್ ಹಾಗೆ ಕಪ್ಪಾಯಿತು. ನೀರು ಕುಡಿದರೆ ಕಣ್ಣಲ್ಲಿ ನೀರು. ಮೂಗಿನಿಂದ ನಳಿಗೆ ಇಟ್ಟು ಊಟ ಕೊಟ್ಟರು. ಮೂವತ್ತಮೂರನೇ ದಿನ ಮುಗಿದಾಗ ಹದಿನೈದು ಕೆ.ಜಿ. ಇಳಿದಿದ್ದರು. ಆದರೆ ಗಂಟು ಕರಗಿತ್ತು. ರೋಗ ಹೋಯಿತು ಎಂದು ಡಾಕ್ಟರೇ ಹೇಳಿದರು. ಹೋದದ್ದು ನಿಜವೇ. ಇವತ್ತಿಗೂ ಅದು ತಿರುಗಿ ಬಂದಿಲ್ಲ.

ಆರು ತಿಂಗಳಿಗೆ ಭಾವ ಅಂಗಡಿಗೆ ಬಂದು ತಮ್ಮ ಮಣೆಯ ಮೇಲೆ ಕೂತು, ಹಳೆಯ ಅಭ್ಯಾಸದಂತೆ ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು. ನಾನು ಕೈಕೆಲಸ ಬಿಟ್ಟು ನೋಡುತ್ತಾ ನಿಂತೆ. ಸುತ್ತಿಗೆ ತುಟಿಯ ಹತ್ತಿರ ಹೋಯಿತು, ಮೊಳೆ ಬರಲಿಲ್ಲ. ಕರೆಂಟಿನಿಂದ ಬಾಯಲ್ಲಿ ಎಂಜಲೇ ಬತ್ತಿಹೋಗಿತ್ತು. ಒದ್ದೆಯಿದ್ದರೆ ತಾನೇ ಮೊಳೆ ನಾಲಿಗೆಯ ಮೇಲೆ ಜಾರಿ ತಿರುಗುವುದು? ಒಣ ನಾಲಿಗೆಗೆ ಅಂಟಿಕೊಂಡು ಕೂತಿತ್ತು. ಬೆರಳು ಹಾಕಿ ಒಂದೊಂದನ್ನೇ ಬಿಡಿಸಿ ತೆಗೆದರು. ನಾನು ಬೇರೆ ಕಡೆ ನೋಡಿದೆ. ಮರುದಿನ ಹೋಗಿ ಗನ್ನು ತಂದೆ. ಅವರು ಅದನ್ನು ಮುಟ್ಟಲಿಲ್ಲ. ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು, ಒಂದು ಗುಟುಕು ನೀರು, ಎರಡು ಮೊಳೆ, ಮತ್ತೆ ಒಂದು ಗುಟುಕು, ಹೀಗೆ ಹೊಡೆಯಲು ಕಲಿತರು. ಮೊದಲು ಒಂದು ದಿನದಲ್ಲಿ ಮುಗಿಯುತ್ತಿದ್ದ ಸೋಫಾಕ್ಕೆ ಮೂರು ದಿನ ಹಿಡಿಯಿತು.

ವರ್ಷ ತುಂಬುವ ಹೊತ್ತಿಗೆ ಹಲ್ಲುಗಳ ಬುಡದಲ್ಲಿ ಸುತ್ತಲೂ ಕಂದು ಗೆರೆ ಬಿತ್ತು, ನೀರು ನಿಂತ ಗೋಡೆಯಲ್ಲಿ ಬೀಳುವಂಥದ್ದು. ಮುಲಾಮು ಹಚ್ಚುವುದನ್ನು ಅವರು ನಿಲ್ಲಿಸಿದ್ದರು. ಉರಿಯುತ್ತದೆ, ಹೊತ್ತು ಹಾಳು ಎಂದಿದ್ದರು. ಆ ತೊಟ್ಟಿಗಳು ಎಲ್ಲಿ ಹೋದವು ಎಂದು ನಾನು ಕೇಳಬೇಕಾಗಿರಲಿಲ್ಲ. ಅವರ ಮಣೆಯ ಪಕ್ಕದಲ್ಲೇ ಇದ್ದವು. ಒಂದರಲ್ಲಿ ಸಣ್ಣ ಮೊಳೆ, ಇನ್ನೊಂದರಲ್ಲಿ ದಪ್ಪ ಮೊಳೆ. ದಿನಾ ನೋಡುತ್ತಿದ್ದೆ, ನಾನೂ ಅದರಿಂದಲೇ ಮೊಳೆ ತೆಗೆದುಕೊಳ್ಳುತ್ತಿದ್ದೆ. ಅಚ್ಚುಕಟ್ಟಾದ ಡಬ್ಬಿ, ಚೆಲ್ಲುವುದಿಲ್ಲ ಎಂದು ಖುಷಿಯೂ ಇತ್ತು. ಒಂದೊಂದಾಗಿ ಹಲ್ಲುಗಳು ಬುಡದಲ್ಲಿ ಮುರಿಯತೊಡಗಿದವು. ಬ್ರೆಡ್ಡು ಕಚ್ಚಿದಾಗ ಒಂದು, ಮೊಳೆ ಹಿಡಿದಾಗ ಒಂದು.

ಬಲಗಡೆ ಕೆಳಸಾಲಿನಲ್ಲಿ, ಕೋರೆಹಲ್ಲಿನ ಹಿಂದಿನದು ಅರ್ಧಕ್ಕೆ ಮುರಿದು ಚೂಪಾಯಿತು, ಅಲ್ಲಾಡಲೂ ತೊಡಗಿತು. ನಾಲಿಗೆಯ ಅಂಚನ್ನು ಕೊಯ್ಯುತ್ತಿತ್ತು. ನಾವು ಆಗ ಒಂದು ಸಿನಿಮಾ ಟಾಕೀಸಿನ ಸೀಟುಗಳ ಕೆಲಸ ಹಿಡಿದಿದ್ದೆವು. ಇನ್ನೂರ ಎಂಬತ್ತು ಸೀಟು, ತಿಂಗಳೊಳಗೆ ಆಗಬೇಕು. ದೊಡ್ಡಾಸ್ಪತ್ರೆಗೆ ತಪಾಸಣೆಗೆ ಹೋಗುವ ದಿನ ಇನ್ನೂ ಹದಿನೆಂಟು ದಿನ ದೂರ ಇತ್ತು. ಮೊದಲೇ ಹೋಗಬಹುದಿತ್ತು. ಒಂದು ದಿನದ ಕೆಲಸ ನಿಲ್ಲುತ್ತಿತ್ತು, ಅಷ್ಟೇ. ನಾನು ಹತ್ತಿರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆತ ಭಾವನ ಕುತ್ತಿಗೆಯ ಕಲೆ ನೋಡಿದ, ಕರೆಂಟ್ ತೆಗೆದುಕೊಂಡಿದ್ದಾರಾ ಎಂದು ಕೇಳಿದ, ಕೈಯ ಗ್ಲೌಸು ಬಿಚ್ಚಿಟ್ಟುಬಿಟ್ಟ.

"ಇದನ್ನ ನಾನು ಮುಟ್ಟಲ್ಲ. ಅಲ್ಲಿಗೇ ಹೋಗಿ, ಇವತ್ತೇ ಹೋಗಿ" ಎಂದ.

ಅಷ್ಟು ಸ್ಪಷ್ಟವಾಗಿ ಹೇಳಿದ. ನನಗೆ ಕೇಳಿಸಿದ್ದು ಮಾತ್ರ ಬೇರೆ. ಕ್ಯಾನ್ಸರ್ ಆದವನ ಬಾಯಿಗೆ ಕೈ ಹಾಕಲು ಇವನಿಗೆ ಅಸಹ್ಯ ಎಂದು ಕೇಳಿಸಿತು. "ಒಂದು ಹಲ್ಲು ಕೀಳೋಕೆ ಬರದವನು ಬೋರ್ಡ್ ಯಾಕಯ್ಯಾ ಹಾಕ್ಕೊಂಡಿದ್ದೀಯ?" ಎಂದು ಅವನ ಕೋಣೆಯಲ್ಲೇ ಕೂಗಾಡಿದೆ. ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರು. ಭಾವ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು.

ಅಂಗಡಿಗೆ ಬಂದಾಗ ಮಧ್ಯಾಹ್ನ. ಅರ್ಧ ಬಿಚ್ಚಿದ ಸೀಟುಗಳನ್ನು ಬಾಗಿಲ ತನಕ ಪೇರಿಸಿದ್ದೆವು. ನನ್ನ ಕೋಪ ಇನ್ನೂ ಇಳಿದಿರಲಿಲ್ಲ, ಸೀಟುಗಳ ಮೊಳೆ ಕೀಳುತ್ತಾ ಆ ಡಾಕ್ಟರಿಗೆ ಬೈಯುತ್ತಲೇ ಇದ್ದೆ. ಭಾವ ಸ್ವಲ್ಪ ಹೊತ್ತು ಕೆನ್ನೆ ಹಿಡಿದುಕೊಂಡು ಕೂತಿದ್ದರು. ಆಮೇಲೆ ಎದ್ದು ಬಂದು ಒಂದು ಸೀಟಿನ ಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿ, ಬಾಯಿ ತೆರೆದು ಬೆರಳಿಟ್ಟು ತೋರಿಸಿದರು.

"ಹೇಗೂ ಸಡಿಲ ಆಗಿದೆ. ನೀನೇ ತೆಗೆದುಬಿಡು" ಎಂದರು.

ನಾನು ಒಂದು ಕ್ಷಣ ಹಿಂದೆಗೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದೆಗೆಯಲಿಲ್ಲ. ಇಕ್ಕಳವನ್ನು ಸ್ಟೌವಿನ ಉರಿಗೆ ಹಿಡಿದೆ, ಬಟ್ಟೆಯಲ್ಲಿ ಒರೆಸಿದೆ. ಮೊಳೆಯ ಹಾಗೆಯೇ ಹಿಡಿದೆ, ಮೊದಲು ಈ ಕಡೆಗೆ ಸ್ವಲ್ಪ, ಆ ಕಡೆಗೆ ಸ್ವಲ್ಪ, ಆಮೇಲೆ ನೇರ ಮೇಲಕ್ಕೆ. ಬೇರು ಸಮೇತ ಬಂತು. ರಕ್ತ ಬರಲಿಲ್ಲ. ಒಂದು ಹನಿ ಬಂದಿರಬಹುದು. ಹತ್ತಿಯನ್ನು ಇಟ್ಟು ತೆಗೆದರೆ ಬೆಳ್ಳಗೇ ಇತ್ತು. ನಾವಿಬ್ಬರೂ ನಕ್ಕೆವು. ಭಾವ ನಾಲಿಗೆಯನ್ನು ಆ ಜಾಗದಲ್ಲಿ ಆಡಿಸಿ, "ಗೀರು ಬೀಳಲಿಲ್ಲ ಕಣೋ" ಎಂದು ನನ್ನ ಬೆನ್ನು ತಟ್ಟಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನ ಬೆನ್ನು ತಟ್ಟಿದ್ದು ಅದೊಂದೇ ಸಲ. ಅಕ್ಕನಿಗೆ ಹೇಳಬೇಡ, ಸುಮ್ಮನೆ ಕೂಗಾಡುತ್ತಾಳೆ ಎಂದರು. ನಾಲಿಗೆ ಹಗುರವಾಯಿತು ಎಂದು ಆ ಸಂಜೆಯೇ ಐದು ಸೀಟು ಮುಗಿಸಿದರು.

ಗುಂಡಿ ತುಂಬಿಕೊಳ್ಳಲಿಲ್ಲ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ನಡುವೆ ಆಸ್ಪತ್ರೆಯ ದಿನ ಬಂತು, ಟಾಕೀಸಿನ ಕೆಲಸ ಎಂದು ತಪ್ಪಿಸಿದರು. ಮೂರನೇ ತಿಂಗಳು ಒಂದು ದಿನ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದೆ. ವಸಡಿನ ನಡುವೆ ಹಳದಿ ಬಣ್ಣದ್ದೇನೋ ಕಾಣಿಸಿತು. ಆಹಾರ ಸಿಕ್ಕಿಕೊಂಡಿದೆ ಎಂದು ಕಡ್ಡಿಯಿಂದ ಮುಟ್ಟಿದೆ. ಗಟ್ಟಿಯಾಗಿತ್ತು. ಮೂಳೆ. ಕಡ್ಡಿ ತಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಆ ಹೊತ್ತಿಗೆ ಬಾಯಿಂದ ಬರುವ ವಾಸನೆಗೆ ಅವರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಅಕ್ಕನಿಗೆ ರೋಗ ತಿರುಗಿ ಬಂತು ಎಂದು ಅನುಮಾನ. ಅಳಲಿಲ್ಲ, ಕೂಗಲಿಲ್ಲ. ಬೆಳಿಗ್ಗೆ ಎದ್ದು ಹಳೆಯ ರಿಪೋರ್ಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, "ನಡೀರಿ" ಎಂದಳು.

ಈ ಸಲ ನಾನು ಟೋಕನ್ ಕಿಟಕಿಯ ಹತ್ತಿರ ಉಸಿರೆತ್ತಲಿಲ್ಲ. ಮೂವರೂ ಹಲ್ಲಿನ ಡಾಕ್ಟರ ಕೋಣೆಯೊಳಗೆ ಹೋದೆವು. ಆಕೆ ಒಳಗೆ ನೋಡಿದರು, ಕನ್ನಡಿ ತಟ್ಟೆಗಿಟ್ಟರು.

"ಇಲ್ಲಿದ್ದ ಹಲ್ಲನ್ನ ಯಾರು ಕಿತ್ತರು?"

"ತಾನಾಗೇ ಬಿತ್ತು ಮೇಡಂ" ಎಂದರು ಭಾವ. ನನ್ನ ಕಡೆ ನೋಡಲಿಲ್ಲ.

ತಾನಾಗಿಯೇ ಬಿದ್ದಿದ್ದರೆ ಅಲ್ಲಿ ರೋಗ ಮತ್ತೆ ಬಂದಿದೆಯೋ ಏನೋ ನೋಡಬೇಕು, ಮೂಳೆಯಿಂದ ಒಂದು ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರು. ಆದರೆ ಕತ್ತರಿಸಿದರೆ ಆ ಗಾಯವೂ ಮಾಯುವುದು ಕಷ್ಟ ಎಂದು ಚಿಂತೆಯಿಂದ ಹೇಳಿ, ಕಾಗದದ ಮೇಲೆ ಬರೆಯತೊಡಗಿದರು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಕೋಪ ಉಕ್ಕಿ ಬರುತ್ತಿತ್ತು. ಈ ಸಲ ಬೈಯಲು ಎದುರಿಗೆ ಯಾರೂ ಇರಲಿಲ್ಲ.

"ನಾನು ಕಿತ್ತಿದ್ದು ಮೇಡಂ. ಇಕ್ಕಳದಲ್ಲಿ" ಎಂದೆ.

ಆಕೆ ಬರೆಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎಷ್ಟು ದಿನವಾಯಿತು, ರಕ್ತ ಬಂತೇ ಎಂದು ಕೇಳಿದರು. ಬರಲಿಲ್ಲ, ಅದೇ ಒಳ್ಳೆಯದಾಯಿತು ಅಂದುಕೊಂಡೆವು ಎಂದೆ. ಕರೆಂಟ್ ಬಿದ್ದ ದವಡೆಯ ಮೂಳೆಯಲ್ಲಿ ರಕ್ತದ ಓಡಾಟ ಕಡಿಮೆಯಾಗಿರುತ್ತದೆ, ರಕ್ತ ಇಲ್ಲದ ಕಡೆ ಗಾಯ ಕೂಡುವುದಿಲ್ಲ, ಮೂಳೆ ಅಲ್ಲಿಂದಲೇ ಸಾಯುತ್ತಾ ಹೋಗುತ್ತದೆ ಎಂದು ಆಕೆ ವಿವರಿಸಿದರು. ಅದಕ್ಕಾಗಿಯೇ ಹುಳುಕು ಹಲ್ಲುಗಳನ್ನು ಮೊದಲೇ ಕಿತ್ತದ್ದು. ಅದಕ್ಕಾಗಿಯೇ ಮುಲಾಮು. ಅದಕ್ಕಾಗಿಯೇ ಚೀಟಿಯ ಕೊನೆಯಲ್ಲಿ, ನಮ್ಮನ್ನು ಕೇಳದೆ ಎಷ್ಟೇ ವರ್ಷವಾದರೂ ಒಂದು ಹಲ್ಲನ್ನೂ ಕೀಳಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದು. ಒಣಗಿದ ಹಳೆಯ ಮರದಿಂದ ಮೊಳೆ ಕಿತ್ತರೆ ಮರವೇ ಸೀಳುತ್ತದೆ, ಹುಷಾರು ಎಂದು ನನಗೆ ಮೊದಲ ವರ್ಷ ಹೇಳಿಕೊಟ್ಟವರು ಭಾವನೇ. ಇಬ್ಬರಿಗೂ ನೆನಪಾಗಲಿಲ್ಲ.

ತುಂಡು ಕತ್ತರಿಸುವುದನ್ನು ಸದ್ಯಕ್ಕೆ ಬಿಟ್ಟು ಸ್ಕ್ಯಾನ್ ಮಾಡಿಸಿದರು. ರೋಗ ಇರಲಿಲ್ಲ. ಮೂಳೆ ಮಾತ್ರ ಒಳಗೊಳಗೇ ಹೋಗಿತ್ತು. ಕೋಣೆಯಿಂದ ಹೊರಗೆ ಬಂದ ಮೇಲೆ ಭಾವ ನನ್ನ ಮೇಲೆ ಎಗರಿದರು. "ಬಿತ್ತು ಅಂದಿದ್ನಲ್ಲ ನಾನು. ನಿನ್ನನ್ನ ಕೇಳಿದವರು ಯಾರು?" ಅಕ್ಕನ ಮುಂದೆ ನನ್ನನ್ನು ಉಳಿಸಲು ತಮ್ಮ ದವಡೆಯನ್ನು ಕತ್ತರಿಸಿಕೊಳ್ಳಲೂ ತಯಾರಿದ್ದ ಮನುಷ್ಯ. ಅಕ್ಕ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದವಳು ಎದ್ದು, ಎದುರಿನ ಬೆಂಚಿಗೆ ಹೋಗಿ ಕೂತಳು.

ಆಮೇಲೆ ಮಾತ್ರೆ, ಬಾಯಿ ತೊಳೆಯುವ ಔಷಧಿ, ಸತ್ತ ಮೂಳೆಯ ಚೂರುಗಳನ್ನು ಕೆರೆದು ತೆಗೆಯುವುದು, ಹೀಗೆ ಎಂಟು ತಿಂಗಳು. ಒಂದು ದಿನ ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುವಾಗ ದವಡೆ ಲಟ್ ಎಂದಿತಂತೆ. ಬಲಗಡೆಯ ದವಡೆಯನ್ನು ಕಿವಿಯ ಹತ್ತಿರದಿಂದ ಗದ್ದದ ತನಕ ತೆಗೆದರು. ಕೆಳಸಾಲಿನಲ್ಲಿ ಉಳಿದಿದ್ದ ಮುಂದಿನ ಹಲ್ಲುಗಳೂ ಹೋದವು, ಆ ಕಚ್ಚುಗಳ ಸಮೇತ.

ಈಗ ಭಾವ ಅಂಗಡಿಗೆ ಬರುತ್ತಾರೆ. ಮುಖ ಬಲಕ್ಕೆ ಕುಸಿದಿದೆ. ಮಾತು ಮನೆಯವರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಇಲ್ಲ. ಗಿರಾಕಿಗಳು ಮೊದಲಿನಿಂದಲೂ ಅವರ ಮಾತು ಕೇಳಿದವರಲ್ಲವಾದ್ದರಿಂದ ಅಷ್ಟೇನೂ ವ್ಯತ್ಯಾಸವಾಗಿಲ್ಲ ಎಂದು ನಾನು ಒಮ್ಮೆ ತಮಾಷೆ ಮಾಡಿದೆ. ಅವರು ನಕ್ಕರು, ಅರ್ಧ ಮುಖದಲ್ಲಿ. ಅಂಗೈಯಲ್ಲಿ ಮೊಳೆ ಹರಡಿಕೊಂಡು ಕೂರುತ್ತಾರೆ. ನಾನು ಅಲ್ಲಿಂದ ಸುತ್ತಿಗೆಯ ಅಯಸ್ಕಾಂತಕ್ಕೆ ಒಂದೊಂದು ಎತ್ತಿಕೊಂಡು ಹೊಡೆಯುತ್ತೇನೆ. ಗನ್ನು ಮೂಲೆಯಲ್ಲಿ ಬಿದ್ದಿದೆ. ನಾನು ಬಟ್ಟೆ ಎಳೆದ ಮೂಲೆಗಳಲ್ಲಿ ಮಡಿಕೆ ಬೀಳುತ್ತದೆ. ಅವರು ಬೆರಳಲ್ಲಿ ತೋರಿಸುತ್ತಾರೆ, ನಾನು ಕಿತ್ತು ಮತ್ತೆ ಹೊಡೆಯುತ್ತೇನೆ.

ಮಧ್ಯಾಹ್ನ ಅಕ್ಕ ಡಬ್ಬಿ ತರುತ್ತಾಳೆ. ಅವರಿಗೆ ನುಣ್ಣಗೆ ಅರೆದದ್ದು, ನನಗೆ ಮಾಮೂಲಿನದು. ನನ್ನ ಡಬ್ಬಿಯನ್ನು ಹಲಗೆಯ ಮೇಲಿಟ್ಟು ಹೋಗುತ್ತಾಳೆ. ಆಸ್ಪತ್ರೆಯ ಆ ದಿನದಿಂದ ಅವಳು ನನ್ನನ್ನು ತಮ್ಮಾ ಎಂದು ಕರೆದಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಬೈಯುವುದಿಲ್ಲ.

ಹೋದ ವಾರ ಡಬ್ಬಿ ಇಟ್ಟು ಹೊರಟವಳು ನಿಂತಳು. "ಯಾವುದರಲ್ಲಿ?" ಎಂದಳು. ಅಷ್ಟೇ ಕೇಳಿದಳು. ಗೋಡೆಯಿಂದ ಇಕ್ಕಳ ತೆಗೆದು ಕೊಟ್ಟೆ. ಕೈಯಲ್ಲಿ ಹಿಡಿದು ಅದರ ಬಾಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿದಳು. ಬೀದಿಗೆ ಎಸೆಯುತ್ತಾಳೆ, ಇಲ್ಲ ನನ್ನ ತಲೆಗೇ ಎಸೆಯುತ್ತಾಳೆ ಎಂದು ಕಾದು ನಿಂತೆ.

"ಈಗಲೂ ಇದರಲ್ಲೇ ಕೀಳ್ತೀಯಾ?"

"ಹೂಂ ಅಕ್ಕ. ಇರೋದು ಇದೊಂದೇ."

ಅವಳು ಅದನ್ನು ಅದರ ಮೊಳೆಗೇ ತೂಗುಹಾಕಿದಳು. ಪಕ್ಕದಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಬಿಡಿಸಿಕೊಂಡು, ಮಡಿಚಿ, ಚೀಲಕ್ಕೆ ಹಾಕಿಕೊಂಡು ಹೋದಳು. ಭಾವ ಅಂಗೈ ಮುಂದೆ ಚಾಚಿದರು. ಅದರಲ್ಲಿ ಇನ್ನೂ ಏಳೆಂಟು ಮೊಳೆ ಉಳಿದಿದ್ದವು.